ಮೀನಿನ ಕಣ್ಣಿಗೆ ಬಿದ್ದ ಮನೆ

ಹರವೆಯ ರಾಚಮ್ಮನ ಮನೆ ಚಿಕ್ಕದು ಎಂದು ಬೇರೆ ಯಾರೂ ಹೇಳುವಂತಿರಲಿಲ್ಲ. ಹೇಳಿದವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಆದರೆ ತಾನು ಮಾತ್ರ ಬೆಳಿಗ್ಗೆ ಕಸ ಗುಡಿಸುವಾಗಿನಿಂದ ರಾತ್ರಿ ಚಾಪೆ ಬಿಡಿಸುವವರೆಗೆ ಅದನ್ನೇ ಹೇಳುತ್ತಿದ್ದಳು. ಬಾಗಿಲು ದಾಟಿದರೆ ಒಂದು ಪಡಸಾಲೆ, ಎಡಕ್ಕೆ ಗೂಡಿನಂಥ ಅಡುಗೆಮನೆ, ಎದುರಿಗೇ ಹಿತ್ತಿಲ ಬಾಗಿಲು. ಬಂದವರು ಒಳಗೆ ಬಂದೆವು ಎಂದುಕೊಳ್ಳುವಷ್ಟರಲ್ಲಿ ಹಿತ್ತಿಲಲ್ಲಿ ಕಟ್ಟಿದ ಕರುವಿನ ಮುಂದೆ ನಿಂತಿರುತ್ತಿದ್ದರು.

ಇರುವವರು ತಾಯಿ ಮಗ ಇಬ್ಬರೇ, ಅವರಿಗೆ ಇದು ಸಾಲದೆ ಎಂದು ನೀವು ಕೇಳಬಹುದು. ಧಾರಾಳವಾಗಿ ಸಾಕು. ಆದರೆ ಮಗ ಬಸವಣ್ಣನಿಗೆ ಮದುವೆಯಾಗಬೇಕಲ್ಲ! ಬಸವಣ್ಣ ಬದನಗುಪ್ಪೆಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದವನು. ಬೈಕಿನಲ್ಲಿ ಹೋಗುತ್ತಾನೆ, ಬೈಕಿನಲ್ಲಿ ಬರುತ್ತಾನೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಬೀಡಿ ಇಲ್ಲ, ಕುಡಿತ ಇಲ್ಲ, ಜಗಳ ಇಲ್ಲ. ಹೆಣ್ಣಿನ ಕಡೆಯವರು ಹುಡುಗನನ್ನು ಒಪ್ಪುತ್ತಿದ್ದರು, ಜಾತಕ ಒಪ್ಪುತ್ತಿದ್ದರು, ಆಮೇಲೆ ಮನೆ ನೋಡುವ ಶಾಸ್ತ್ರಕ್ಕೆ ಬರುತ್ತಿದ್ದರು.

ಆ ಶಾಸ್ತ್ರದ ರೀತಿ ಇಷ್ಟೇ. ಹೆಣ್ಣಿನ ಕಡೆಯ ಹಿರಿಯರು ಒಂದಷ್ಟು ಜನ ಬಂದು ಗಂಡಿನ ಮನೆ ನೋಡುತ್ತಾರೆ. ಮನೆ ಒಪ್ಪಿಗೆಯಾದರೆ ಎಲೆ ಹಾಕಿಸಿಕೊಂಡು ಊಟಕ್ಕೆ ಕೂರುತ್ತಾರೆ. ಒಪ್ಪಿಗೆಯಾಗದಿದ್ದರೆ ಬರೀ ಕಾಫಿ ಕುಡಿದು, ‘ಊರಿಗೋಗಿ ಏಳಿ ಕಳುಸ್ತೀವಿ’ ಎಂದು ಎದ್ದು ಹೋಗುತ್ತಾರೆ. ಹೇಳಿ ಕಳಿಸುವುದಿಲ್ಲ. ರಾಚಮ್ಮನ ಮನೆಯಲ್ಲಿ ಮೂರು ಸಲ ಕಾಫಿ ಲೋಟ ತೊಳೆದಿದ್ದಾಯಿತು, ಬಾಳೆಲೆ ಮಾತ್ರ ಸುರುಳಿ ಬಿಚ್ಚಲಿಲ್ಲ. ಮಾಡಿದ ಪಾಯಸವನ್ನೆಲ್ಲ ಪಕ್ಕದ ಮನೆಯ ನೀಲಾವತಿಗೆ ಕೊಡುವುದು, ಅವಳು ಮೂರು ಸಲವೂ ‘ಸಕ್ಕರೆ ಒಸಿ ಕಮ್ಮಿಯಾಯ್ತು ಕಣಕ್ಕ’ ಎನ್ನುವುದು. ಹೊಟ್ಟೆ ಉರಿಯಲು ಅಷ್ಟು ಸಾಲದೆ? ಕಾಫಿಯ ವಾಸನೆ ಬಂದರೇ ರಾಚಮ್ಮನಿಗೆ ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಗುರುಮಲ್ಲಯ್ಯ ಬಂದ. ಹರವೆ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಸ್ಟುಡಿಯೋ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅಲ್ಲಿ ಪಾಸ್‌ಪೋರ್ಟ್ ಸೈಜಿನ ಮುಖಗಳು ಬಿಟ್ಟರೆ ಬೇರೆ ಗಿರಾಕಿಯಿಲ್ಲ. ಅದಕ್ಕೇ ಅವನು ಸಂಬಂಧ ಕುದುರಿಸುವುದನ್ನೂ ಹಚ್ಚಿಕೊಂಡಿದ್ದ. ಹೆಣ್ಣುಗಂಡುಗಳ ಫೋಟೋ ಹೇಗೂ ಅವನ ಹತ್ತಿರವೇ ಇರುತ್ತಿದ್ದವಲ್ಲ.

“ಅಕ್ಕ, ಗುಂಡ್ಲುಪೇಟೆ ಕಡೆ ಒಂದು ಎಣ್ಣದೆ. ಶಿವರಂಜಿನಿ ಅಂತ. ಬಸ್‌ಸ್ಟ್ಯಾಂಡ್ ಅತ್ರ ಮೆಡಿಕಲ್ ಸ್ಟೋರಲ್ಲಿ ಕೆಲಸ. ಕೇರಳದ ಲಾರಿಯವ್ರು ತಲೆನೋವು ಮಾತ್ರೆ ಕೇಳುದ್ರೆ ಮಲಯಾಳದಲ್ಲೇ ಏಳಿ ಕೊಡ್ತಳೆ, ಅಷ್ಟು ಚುರುಕು. ನಮ್ ಬಸವಣ್ಣನ್ನ ಒಪ್ಪವ್ರೆ. ಆದ್ರೆ ಮೊದ್ಲು ಮನೆ ಪೋಟೋ ಕಳುಸಿ ಅಂದವ್ರೆ.”

ರಾಚಮ್ಮನ ಮುಖ ಇಳಿಯಿತು. “ಬುಡಪ್ಪ ಅತ್ತ. ಪೋಟೋ ನೋಡಿ ಅಲ್ಲೇ ಬ್ಯಾಡ ಅಂತರೆ. ಇನ್ಮ್ಯಾಕೆ ಕಾಫಿ ಖರ್ಚಾದ್ರೂ ಉಳೀತದೆ.”

“ಅದಕ್ಕೇ ಇದ ತಂದಿರೋದು,” ಎಂದು ಗುರುಮಲ್ಲಯ್ಯ ಸೊಂಟದ ಚೀಲದಿಂದ ತನ್ನ ಪುಟ್ಟ ಕ್ಯಾಮೆರಾ ತೆಗೆದ. ಊರೆಲ್ಲ ಕೈಬಿಟ್ಟರೂ ಅವನು ಕೈಬಿಡದಿದ್ದ ಡಿಜಿಟಲ್ ಕ್ಯಾಮೆರಾ ಅದು. ಅದರ ಮೂತಿಗೆ ಒಂದು ಕೊಳವೆ ತಿರುಗಿಸಿ ಕೂರಿಸಿದ. ಆ ಕೊಳವೆಯ ಮುಂದಕ್ಕೆ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಇನ್ನೊಂದು ಲೆನ್ಸನ್ನು ತಿರುಗಿಸಿ ಹಾಕಿದ. ಬೋರಲು ಹಾಕಿದ ಬಟ್ಟಲಿನಂತೆ ಉಬ್ಬಿದ ಗಾಜು. ಕ್ಯಾಮೆರಾಗಿಂತ ಅದೇ ಭಾರ. ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಗಳಲ್ಲಿ ಮದುವೆ ಜೋಡಿಗಳ ಫೋಟೋ ತೆಗೆಯಲು ಬಂದಿದ್ದ ಒಬ್ಬ ಮಲಯಾಳಿ, ತನಗೆ ಹೊಸ ಕ್ಯಾಮೆರಾ ಬಂತೆಂದು ಇದನ್ನು ಗುರುಮಲ್ಲಯ್ಯನಿಗೆ ದಾಟಿಸಿದ್ದ. ಅಂದಿನಿಂದ ಗುರುಮಲ್ಲಯ್ಯ ಇದನ್ನು ಹೆಂಡತಿಯ ಕೈಗೂ ಕೊಟ್ಟವನಲ್ಲ. ಎಲ್ಲಿ ಹಾಕಲಿ, ಹೇಗೆ ಹಾಕಲಿ ಎಂದು ಕಾಯುತ್ತಿದ್ದ.

“ಇದೇನ್ಲಾ, ಇಂಗೆ ಪಿಳಿಪಿಳಿ ನೋಡ್ತದೆ?” ಎಂದಳು ರಾಚಮ್ಮ.

“ಫಿಶ್ ಐ ಲೆನ್ಸು ಅಂತ. ಮೀನಿನ ಕಣ್ಣು.”

“ಶಿವನೇ! ಈರುಳ್ಳೀನೂ ತಿನ್ನದ ಸೋಮವಾರದ ದಿವ್ಸ ಮನೆಗೆ ಮೀನಿನ ಕಣ್ಣ ತಂದಿದ್ದೀಯಲ್ಲೋ!”

“ಗಾಜು ಕಣಕ್ಕ ಅದು. ತಿನ್ನಕಲ್ಲ, ನೋಡಕೆ.”

ಆಮೇಲೆ ಮನೆ ಖಾಲಿ ಮಾಡುವ ಕೆಲಸ ಶುರುವಾಯಿತು. ಪಡಸಾಲೆಯ ಗೋಡೆಗೆ ಒರಗಿದ್ದ ರಾಗಿ ಮೂಟೆ ಹಿತ್ತಿಲಿಗೆ ಹೋಯಿತು. ಹಗ್ಗದ ಮೇಲಿನ ಬಟ್ಟೆಗಳು ಅಡುಗೆಮನೆಗೆ ಹೋದವು. ಕೊನೆಗೆ ಉಳಿದದ್ದು ಕೌದಿಗಳ ಅಟ್ಟಿ ಮತ್ತು ಒಂದು ತಗಡಿನ ಟ್ರಂಕು. ಅವುಗಳಿಗೆ ಎಲ್ಲೂ ಜಾಗವಿಲ್ಲ. ಗುರುಮಲ್ಲಯ್ಯ ಹಿತ್ತಿಲ ಬಾಗಿಲ ಹೊಸ್ತಿಲಿಗೆ ಬೆನ್ನು ಕೊಟ್ಟು, ಕ್ಯಾಮೆರಾ ಕಣ್ಣಮುಂದೆ ಹಿಡಿದು ಹೇಳಿದ: “ಅವ ಎತ್ಕಂಡು ನನ್ ಪಕ್ಕದ ಗೋಡೆಗೆ ನಿಂತ್ಕಬುಡಿ. ಪಕ್ಕದಲ್ಲಿದ್ರೆ ಪೋಟೋಕ್ ಬೀಳಲ್ಲ.”

ಇಷ್ಟು ವರ್ಷ ಸಾದಾ ಕ್ಯಾಮೆರಾದಲ್ಲಿ ಹೇಳಿಕೊಂಡು ಬಂದ ಮಾತನ್ನೇ ಅವನು ಬಾಯಿಪಾಠದಂತೆ ಹೇಳಿಬಿಟ್ಟ. ಅಕ್ಕಪಕ್ಕದ್ದನ್ನೂ ಒಳಗೆ ಎಳೆದುಕೊಳ್ಳುವ ಈ ಲೆನ್ಸಿಗೆ ಪಕ್ಕ ಎಂಬುದೇ ಇಲ್ಲ ಎಂಬುದು ಅವನಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ರಾಚಮ್ಮನಿಗೂ ಪಕ್ಕಕ್ಕೆ ನಿಲ್ಲುವುದೇ ಸರಿ ಎನಿಸಿತು. ಗಂಡ ಹೋದ ಮೇಲೆ ಅವಳು ಶುಭಕಾರ್ಯದ ಒಂದು ಫೋಟೋಕ್ಕೂ ನಿಂತವಳಲ್ಲ. ಯಾರೂ ಬೇಡ ಎಂದಿರಲಿಲ್ಲ. ಯಾರಾದರೂ ಬೇಡ ಎನ್ನುವ ಮುಂಚೆ ತಾನೇ ಕಂಬದ ಮರೆಗೆ ಸರಿಯುತ್ತಿದ್ದಳು. ತಮ್ಮನ ಮಗಳ ಮದುವೆಯ ಆಲ್ಬಮ್ಮಿನಲ್ಲಿ ಅವಳ ಸೀರೆಯ ಅಂಚು ಮಾತ್ರ ಒಂದು ಕಡೆ ಇದೆ. ಈಗ ಮಗನ ಮದುವೆಗೆಂದು ತೆಗೆಯುವ ಫೋಟೋದಲ್ಲಿ ತಾನು ಯಾಕೆ ಬೀಳಬೇಕು? ಕೌದಿಗಳನ್ನು ಅವುಚಿಕೊಂಡು ಗೋಡೆಗೆ ಅಂಟಿ ನಿಂತಳು. ಬಸವಣ್ಣ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಅವಳ ಪಕ್ಕ ನಿಂತ.

“ಯಾರೂ ಅಲ್ಲಾಡ್ಬ್ಯಾಡಿ,” ಎಂದ ಗುರುಮಲ್ಲಯ್ಯ.

ಅಲ್ಲಾಡಿದವನು ಅವನೇ. ಹಿತ್ತಿಲ ಕರು ಹಗ್ಗ ಎಳೆದುಕೊಂಡು ಬಂದು, ಅವನ ಅಂಗಿಯ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತ್ತು. ಅವನು ಬೆಳಕು ಹೋದೀತೆಂದು ಕ್ಯಾಮೆರಾ ಇಳಿಸಲೊಲ್ಲ, ಕರು ಅಂಗಿ ಬಿಡಲೊಲ್ಲದು. “ಅಲ್ಲಾಡ್ಬ್ಯಾಡಿ ಅಂತ ಏಳ್ತಾ ಇದ್ದೀನಿ!” ಎಂದು ಅವನು ಹಿಂದಕ್ಕೆ ವಾಲುತ್ತ ಗದರಿದ. ರಾಚಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬಸವಣ್ಣ ತಾಯಿಯ ಮುಖ ನೋಡಿದ, ತಾಯಿ ಮಗನ ಮುಖ ನೋಡಿದಳು, ಅಲ್ಲಿಗೆ ಮುಗಿಯಿತು. ಕೌದಿ ಒಂದು ಕಡೆ, ಟ್ರಂಕು ಒಂದು ಕಡೆ ವಾಲಿ, ಇಬ್ಬರೂ ಸದ್ದಿಲ್ಲದೆ ಮೈ ಕುಲುಕಿಸಿ ನಕ್ಕರು. ಆಗಲೇ ಕ್ಲಿಕ್ ಎಂದಿತು.

ಅಂಗಿ ಬಿಡಿಸಿಕೊಂಡು, ಫೋಟೋವನ್ನು ಮೊಬೈಲಿಗೆ ಹಾಕಿ ತೋರಿಸಿದಾಗ ರಾಚಮ್ಮ ದಂಗಾಗಿ ಹೋದಳು. ಅವಳ ಪಡಸಾಲೆ ಮದುವೆ ಛತ್ರವಾಗಿತ್ತು. ಬೀದಿ ಬಾಗಿಲು ಎಲ್ಲೋ ದೂರದಲ್ಲಿ, ಇನ್ನೊಂದು ಊರಿನಲ್ಲಿದ್ದಂತೆ ಕಾಣುತ್ತಿತ್ತು. ನೆಲದ ಕೆಂಪು ಗಾರೆ ಕಣದಷ್ಟು ಅಗಲವಾಗಿ ಹಾಸಿತ್ತು.

“ಇದು ನಮ್ಮನೆ ಅಲ್ಲ ಕಣಪ್ಪ,” ಎಂದಳು.

“ಸುಳ್ಳಾಯ್ತದೆ ಗುರಣ್ಣ,” ಎಂದ ಬಸವಣ್ಣ. “ಬಂದು ನೋಡ್ದಾಗ ಏನಂತರೆ?”

“ಸುಳ್ಳೆಲ್ಲಿ ಬಂತ್ಲಾ? ಇರೋದ್ನೇ ತೋರುಸ್ತದೆ, ಒಸಿ ಹಿಗ್ಗುಸಿ ತೋರುಸ್ತದೆ. ಅವ್ರು ಬಂದು ನಿಮ್ಮವ್ವನ ಕೈ ಪಾಯಸ ಉಂಡ್ರೆ ಗೋಡೆ ಯಾರ್ ಅಳೀತರೆ?”

ಇಬ್ಬರೂ ರಾಚಮ್ಮನ ಕಡೆ ನೋಡಿದರು. ತಪ್ಪು ಎಂದು ಅವಳಿಗೆ ಗೊತ್ತಿತ್ತು. ಆದರೆ ಮಗನ ಕಿವಿಯ ಪಕ್ಕದಲ್ಲಿ ಇಣುಕುತ್ತಿದ್ದ ನರೆ ಕೂದಲೂ ಕಣ್ಣಿಗೆ ಬಿತ್ತು. “ಕಳ್ಸು,” ಎಂದುಬಿಟ್ಟಳು.

ಫೋಟೋದ ಅಂಚನ್ನು ಮೂವರಲ್ಲಿ ಒಬ್ಬರೂ ನೋಡಲಿಲ್ಲ. ನಡುವಿನ ಛತ್ರ ನೋಡುವುದರಲ್ಲೇ ಮೈಮರೆತಿದ್ದರು.

ಗುಂಡ್ಲುಪೇಟೆಯ ಕಡೆಯಿಂದ ಎರಡೇ ದಿನದಲ್ಲಿ ಮಾತು ಬಂತು, ಭಾನುವಾರ ಮನೆ ನೋಡಲು ಬರುತ್ತೇವೆ ಎಂದು. ಆ ಬೆಳಿಗ್ಗೆ ರಾಚಮ್ಮ ಎಂದಿನಂತೆ ಒಂಬತ್ತು ಜನಕ್ಕೆ ಅಡುಗೆಗಿಟ್ಟಳು. ಹಿಂದಿನ ಮೂರು ಸಲ ಮನೆ ಚಿಕ್ಕದೆಂದು ಸಂಬಂಧ ತಪ್ಪಿತ್ತು. ಈ ಸಲ ತಪ್ಪಿದರೆ ತನ್ನ ಒಂದು ಮಾತಿನಿಂದ ತಪ್ಪುತ್ತದೆ. ಶಿವನೇ, ನನ್ನ ಮೇಲಿನ ಸಿಟ್ಟನ್ನು ಹುಡುಗನ ಮೇಲೆ ತೀರಿಸಬೇಡ ಎಂದು ಒಲೆಯ ಮುಂದೆಯೇ ಕೈ ಮುಗಿದಳು.

ಹನ್ನೊಂದು ಗಂಟೆಗೆ ಬೀದಿಯಲ್ಲಿ ಸದ್ದಾಯಿತು. ರಾಚಮ್ಮ ಬಾಗಿಲಿಗೆ ಬಂದು ನೋಡಿದಳು. ಒಂದು ಟೆಂಪೋ ನಿಂತಿತ್ತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಒಂದು ಗೂಡ್ಸ್ ಆಟೋ, ಅದರ ತುಂಬ ಹೆಂಗಸರು. ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಅಜ್ಜಂದಿರು, ಅಜ್ಜಿಯರು, ಕಂಕುಳಲ್ಲಿ ಕೂಸು ಹೊತ್ತವರು.

ಆದದ್ದು ಇಷ್ಟು. ಹುಡುಗಿಯ ಸೋದರಮಾವ ಶಿವಮಲ್ಲಪ್ಪ ಆ ಫೋಟೋವನ್ನು ಊರಿಗೆಲ್ಲ ತೋರಿಸಿದ್ದ. ‘ನಮ್ ಉಡುಗಿ ಓಗೋ ಮನೆ ನೋಡಿ, ಛತ್ರ ಇದ್ದಂಗದೆ’ ಎಂದು ಮೀಸೆ ತಿರುವಿದ್ದ. ಚಿಕ್ಕ ಮನೆಗಾದರೆ ನಾಲ್ಕು ಜನ ಸಾಕು. ಅಷ್ಟು ದೊಡ್ಡ ಮನೆಗೆ ನಾಲ್ಕು ಜನ ಹೋದರೆ ಚೆನ್ನಾಗಿರುತ್ತದೆಯೇ? ಎಲ್ಲರೂ ನಡೆಯಿರಿ ಎಂದು ನೆಂಟರನ್ನೆಲ್ಲ ಹೊರಡಿಸಿಕೊಂಡು ಬಂದಿದ್ದ.

ಶಿವಮಲ್ಲಪ್ಪ ಜರಿ ಅಂಚಿನ ಶಲ್ಯ ಹೊದ್ದು ಮುಂದಾಗಿ ಒಳಗೆ ಬಂದ. ಹಿಂದೆಯೇ ಹತ್ತು ಹನ್ನೆರಡು ಜನ ಬಂದರು, ಮನೆ ತುಂಬಿತು. ಉಳಿದವರು ಬೀದಿಯಲ್ಲೇ ನಿಂತರು. ಅವನು ಜನರ ನಡುವೆ ನುಸುಳಿಕೊಂಡು ಹಿತ್ತಿಲ ಬಾಗಿಲವರೆಗೆ ಬಂದ, ಹೊರಗೆ ಇಣುಕಿದ, ತಿರುಗಿದ.

“ಹಾಲ್ ಎಲ್ಲಿ?” ಎಂದ.

ಸಂಬಂಧ ತಂದವನೆಂದು ಬೆಳಿಗ್ಗೆಯೇ ಬಂದಿದ್ದ ಗುರುಮಲ್ಲಯ್ಯ ಬಾಗಿಲಾಚೆ ಬಿಟ್ಟ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

“ನೀವು ನಿಂತಿರೋದೇ ಕಣಣ್ಣ,” ಎಂದಳು ರಾಚಮ್ಮ.

ಶಿವಮಲ್ಲಪ್ಪ ಗೋಡೆ ನೋಡಿದ, ಸೂರು ನೋಡಿದ. ಅವನ ಮುಖ ಕೆಂಪೇರಿತು. ಪಾಪ, ಅವನದೂ ಸಣ್ಣ ಸಂಕಟವಲ್ಲ. ಹೊರಗೆ ನಿಂತ ಇಡೀ ಊರಿನ ಮುಂದೆ ಅವನ ಮೀಸೆ ಮಣ್ಣಾಗುತ್ತಿತ್ತು. “ಇದೇನ್ ಹುಡುಗಾಟನಾ? ಪೋಟೋದಲ್ಲಿ ಒಂದು, ಮನೇಲಿ ಒಂದು! ಇವತ್ತು ಮನೇಲಿ ಮೋಸ ಮಾಡ್ದೋರು ನಾಳೆ ಇನ್ನೊಂದ್ರಲ್ಲಿ ಮಾಡಲ್ಲ ಅಂತ ಏನ್ ಗ್ಯಾರಂಟಿ? ನಾಗಯ್ಯ, ಕಾಫಿನೂ ಬ್ಯಾಡ. ನಡೀರಿ ಓಗನ.”

ಹುಡುಗಿಯ ತಂದೆ ನಾಗಯ್ಯ ಮೆತ್ತನೆಯ ಮನುಷ್ಯ. ಮಗಳ ಕಡೆ ತಿರುಗಿದ. ಹೌದು, ಹುಡುಗಿಯೂ ಬಂದಿದ್ದಳು. ಶಾಸ್ತ್ರದಲ್ಲಿ ಹುಡುಗಿ ಬರುವ ರೂಢಿಯಿಲ್ಲ. ಆದರೆ ‘ನಾನು ಬಾಳೋ ಮನೆ, ನಾನೂ ನೋಡ್ತೀನಿ’ ಎಂದು ಹಟ ಹಿಡಿದು ಬಂದಿದ್ದಳಂತೆ. ಎಣ್ಣೆಗಪ್ಪಿನ, ಅಗಲ ಹಣೆಯ ಹುಡುಗಿ. ಕೈಯಲ್ಲಿ ಮೊಬೈಲು ಹಿಡಿದು, ಬಾಗಿಲ ಬಳಿ ನಿಂತು, ಮನೆಯನ್ನೇ ನೋಡುತ್ತಿದ್ದಳು.

ರಾಚಮ್ಮನಿಗೆ ಇನ್ನು ಸುಮ್ಮನಿರುವುದು ಆಗಲಿಲ್ಲ. ಹಿತ್ತಿಲ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತೇ ಹೇಳಿದಳು: “ನನ್ ಮಗನ್ ತಪ್ಪಿಲ್ಲ ಕಣಣ್ಣ. ಅವ್ನು ಬ್ಯಾಡ ಅಂದ. ಕಳ್ಸು ಅಂದೋಳು ನಾನು. ಮೂರ್ ಸಲ ಎಲೆ ತಂದು ಒಣಗಿಸ್ಬುಟ್ಟಿದ್ದೆ. ಆಸೆ ಆಗೋಯ್ತು. ಬಯ್ಯೋದಾದ್ರೆ ನನ್ನ ಬಯ್ಯಿ.” ಬಸವಣ್ಣ ಬಂದು ಅವಳ ಪಕ್ಕ ನಿಂತ.

ಶಿವಮಲ್ಲಪ್ಪ ಬಯ್ಯಲು ತಯಾರಾದ. ಹಿತ್ತಿಲ ಹೊಸ್ತಿಲ ಮೇಲೆ, ಹಿತ್ತಿಲಿಗೆ ಬೆನ್ನು ಹಾಕಿ ನಿಂತು, ಒಂದು ಕೈ ಮೇಲೆತ್ತಿದ. “ನೋಡಮ್ಮ, ಮನುಷ್ಯ ಅಂದ್ಮೇಲೆ ನೇರ ಇರ್ಬೇಕು...”

ಅವನ ಶಲ್ಯ ಹಿಂದಿನಿಂದ ಮೆಲ್ಲಗೆ ಬಿಗಿಯಾಯಿತು. ರಾಚಮ್ಮನ ಕಣ್ಣು ಅತ್ತ ಹೋಯಿತು. ಕರು ಜರಿ ಅಂಚನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಅರೆಮುಚ್ಚಿ, ಬಹಳ ರುಚಿಯಾಗಿದೆ ಎಂಬಂತೆ ಚೀಪುತ್ತಿತ್ತು.

“ನೇರ ಇರ್ಬೇಕು!” ಎನ್ನುತ್ತ ಶಿವಮಲ್ಲಪ್ಪ ಹಿಂದಕ್ಕೆ ವಾಲಿದ.

ನಗುವ ಹೊತ್ತೇ ಇದು? ಮಗನ ಬಾಳು ಮುಳುಗುತ್ತಿರುವಾಗ? ರಾಚಮ್ಮ ತುಟಿ ಕಚ್ಚಿಕೊಂಡಳು. ಮಗನ ಕಡೆ ನೋಡಬಾರದು, ನೋಡಿದರೆ ಕೆಟ್ಟೆ ಎಂದು ಗೊತ್ತಿತ್ತು. ನೋಡಿದಳು. ಬಸವಣ್ಣನ ಕೆನ್ನೆ ಊದಿ, ಕಣ್ಣಲ್ಲಿ ನೀರಾಡುತ್ತಿತ್ತು. ರಾಚಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯದಂತೆ ಮೈಯೆಲ್ಲ ಕುಲುಕತೊಡಗಿತು. ಇಬ್ಬರೂ ಗೋಡೆಗೆ ಅಂಟಿ ಒಬ್ಬರಿಗೊಬ್ಬರು ವಾಲಿಕೊಂಡರು.

ಆಗ ಬಾಗಿಲ ಕಡೆಯಿಂದ ಗಟ್ಟಿಯಾಗಿ ನಗು ಕೇಳಿಸಿತು. ಶಿವರಂಜಿನಿ.

“ಇದೇ! ಅಪ್ಪಾ, ಇದೇ ಕಣಪ್ಪಾ!” ಎಂದು ಅವಳು ಜನರನ್ನು ಸರಿಸಿಕೊಂಡು ಬಂದು ರಾಚಮ್ಮನ ಮುಂದೆ ಮೊಬೈಲು ಹಿಡಿದಳು. ಅದೇ ಫೋಟೋ. ಎರಡು ಬೆರಳಿಂದ ಎಡಗಡೆಯ ಅಂಚನ್ನು ಹಿಗ್ಗಿಸಿದಳು.

ಅಲ್ಲಿ ಛತ್ರವಿರಲಿಲ್ಲ. ಬಾಳೆಹಣ್ಣಿನಂತೆ ಬಾಗಿದ ಗೋಡೆಗೆ, ತಾವೂ ಬಾಳೆಹಣ್ಣಿನಂತೆ ಬಾಗಿ, ಇಬ್ಬರು ನಿಂತಿದ್ದರು. ಒಬ್ಬಳ ತೋಳಿನಲ್ಲಿ ಕೌದಿಯ ಅಟ್ಟಿ, ಬಾಯಲ್ಲಿ ಸೆರಗು. ಒಬ್ಬನ ತಲೆಯ ಮೇಲೆ ಟ್ರಂಕು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿಯಲಾಗದೆ ನಗುತ್ತಿದ್ದರು.

ರಾಚಮ್ಮ ನಾಚಿ ನೀರಾದಳು. “ಅಯ್ಯೋ, ನಾವು ಪಕ್ಕಕ್ ನಿಂತಿದ್ವಲ್ಲ!”

“ಮನೆ ಚಿಕ್ಕದು ಅಂತ ನಂಗೆ ಅವತ್ತೇ ಗೊತ್ತಾಯ್ತು,” ಎಂದಳು ಶಿವರಂಜಿನಿ. “ನೆಟ್ಟಗಿರೋ ಬಾಗ್ಲು ಯಾರ ಮನೇಲಾದ್ರೂ ಇಂಗೆ ಬಿಲ್ಲಿನಂಗೆ ಬಾಗಿರ್ತದಾ? ನಂಗೆ ಇನ್ನೂ ಮೂರು ಮನೆ ಪೋಟೋ ಬಂದಿದ್ವು. ಸೋಫಾ ಇತ್ತು, ಟಿವಿ ಇತ್ತು, ಒಂದ್ರಲ್ಲೂ ಜನ ಇರ್ಲಿಲ್ಲ. ಇದ್ರಲ್ಲಿ ತಾಯಿ ಮಗ ಇಬ್ರೂ ಸೇರ್ಕಂಡು ಇಂಗೆ ನಗ್ತಾ ಇದ್ರು. ಯಾಕೆ ನಗ್ತಾವ್ರೆ ಅಂತ ತಿಳ್ಕಳ್ಳೇಬೇಕು ಅನ್ನುಸ್ತು. ಅದಕ್ಕೇ ಬಂದೆ.”

“ಚಿಕ್ಕದು ಅಂತ ಗೊತ್ತಿದ್ರೆ ನಂಗ್ಯಾಕ್ ಏಳ್ಳಿಲ್ಲ ಕಣಮ್ಮಿ?” ಎಂದ ಶಿವಮಲ್ಲಪ್ಪ.

“ಏಳಿದ್ರೆ ನೀನ್ ಬರ್ತಿದ್ದಾ ಮಾವ?” ಎಂದಳು ಅವಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, “ಮಾವ, ಶಲ್ಯ...” ಎಂದಳು.

ಶಿವಮಲ್ಲಪ್ಪ ತಿರುಗಿ ನೋಡಿದ. ಕರು ಅವನನ್ನು ನೋಡಿತು, ಆದರೆ ಚೀಪುವುದನ್ನು ಬಿಡಲಿಲ್ಲ. ಆಮೇಲೆ ಆ ಮನೆಯಲ್ಲಿ ನಗದೆ ಇದ್ದವರು ಯಾರೂ ಇಲ್ಲ. ಬೀದಿಯಲ್ಲಿದ್ದವರು ಏನಾಯಿತು ಏನಾಯಿತು ಎಂದು ಕೇಳಿ, ತಿಳಿದುಕೊಂಡು, ಸರದಿಯ ಮೇಲೆ ನಕ್ಕರು. ಕೊನೆಯಲ್ಲಿ ಶಿವಮಲ್ಲಪ್ಪನೂ ಎಂಜಲಾದ ಜರಿಯನ್ನು ಹಿಂಡಿಕೊಳ್ಳುತ್ತ ನಕ್ಕ. ಮೀಸೆಗಿಂತ ಸೋದರಸೊಸೆಯ ಮೇಲೆ ಅವನಿಗೆ ಪ್ರೀತಿ ಹೆಚ್ಚು, ಅದನ್ನು ನಾನು ಇಲ್ಲ ಎನ್ನುವುದಿಲ್ಲ.

“ಏನಮ್ಮಿ ಮಾಡನ?” ಎಂದ ನಾಗಯ್ಯ ಮಗಳಿಗೆ.

“ಎಲೆ ಹಾಕುಸ್ಲಿ,” ಎಂದಳು ಶಿವರಂಜಿನಿ.

ಈ ಮಾತನ್ನು ಕೇಳಲು ರಾಚಮ್ಮ ಎಷ್ಟು ಕಾದಿದ್ದಳು! ಕೇಳಿದ ಕೂಡಲೇ ಗೋಡೆ ಹಿಡಿದು ಅತ್ತುಬಿಟ್ಟಳು. ಮರುಗಳಿಗೆ ಅಳು ನಿಲ್ಲಿಸಿ ಕಣ್ಣರಳಿಸಿದಳು. ಊಟ ಇದ್ದದ್ದು ಒಂಬತ್ತು ಜನಕ್ಕೆ!

“ನೀಲಾವತೀ!” ಎಂದು ಕೂಗಿದ ಕೂಗು ಹರವೆಯ ಆಚೆ ಬೀದಿಗೂ ಕೇಳಿಸಿತು. ನೀಲಾವತಿ ತಿಂದ ಪಾಯಸದ ಋಣವನ್ನೆಲ್ಲ ಅವತ್ತು ತೀರಿಸಿದಳು. ಅವಳ ಮನೆಯ ಅನ್ನ ಬಂತು, ಎದುರು ಮನೆಯ ಸಾರು ಬಂತು, ಬಂದ ಹೆಂಗಸರೇ ಸೆರಗು ಸಿಕ್ಕಿಸಿ ಮುದ್ದೆ ಕಟ್ಟಿದರು. ಎಲೆಗಳು ಪಡಸಾಲೆಯಿಂದ ಶುರುವಾಗಿ, ಬಾಗಿಲು ದಾಟಿ, ನೀಲಾವತಿಯ ಜಗಲಿ ಹತ್ತಿ, ಬೀದಿಯ ಹೊಂಗೆ ಮರದ ಕೆಳಗಿನವರೆಗೆ ಹೋದವು. ಶಿವಮಲ್ಲಪ್ಪ ಎರಡು ಸಲ ಪಾಯಸ ಹಾಕಿಸಿಕೊಂಡ. ಸಕ್ಕರೆ ಕಮ್ಮಿಯೆಂದು ಅವನು ಹೇಳಲಿಲ್ಲ.

ಊಟವಾದ ಮೇಲೆ ಗುರುಮಲ್ಲಯ್ಯನಿಗೆ ಜೀವ ಬಂತು. ಮನೆಯ ಮುಂದೆ ಎಲ್ಲರನ್ನೂ ನಿಲ್ಲಿಸಿ ಕ್ಯಾಮೆರಾಗೆ ಮತ್ತೆ ಮೀನಿನ ಕಣ್ಣು ತಿರುಗಿಸಿದ. ಅಷ್ಟು ಜನರನ್ನು ಅಷ್ಟು ಇಕ್ಕಟ್ಟಿನ ಬೀದಿಯಲ್ಲಿ ಬೇರೆ ಯಾವ ಲೆನ್ಸೂ ಹಿಡಿಸಿಕೊಳ್ಳುತ್ತಿರಲಿಲ್ಲ, ಅದಕ್ಕೆ ಆ ಮರ್ಯಾದೆ ಸಲ್ಲಲೇಬೇಕು. ರಾಚಮ್ಮ ಎಂದಿನ ಅಭ್ಯಾಸದಂತೆ ಸೆರಗು ಹೊದ್ದು ಮೆಲ್ಲಗೆ ಹೊಂಗೆ ಮರದ ಕಡೆ ಸರಿದಳು.

ಶಿವರಂಜಿನಿ ಹೋಗಿ ಅವಳ ಕೈ ಹಿಡಿದಳು.

“ಬ್ಯಾಡ ಕಣಮ್ಮಿ, ಒಳ್ಳೇ ಕೆಲ್ಸದ ಪೋಟೋ. ನಾನು ಪಕ್ಕದಲ್ಲಿರ್ತೀನಿ.”

“ಪಕ್ಕದಲ್ಲಿ ನಿಂತ್ರೂ ಬೀಳ್ತೀರ ಕಣತ್ತೆ, ನೋಡಿಲ್ವಾ?” ಎಂದಳು ಶಿವರಂಜಿನಿ. “ಬೀಳೋದಾದ್ರೆ ಸರ್ಯಾಗಿ ಬೀಳಿ. ಬನ್ನಿ ಮಧ್ಯಕ್ಕೆ.”

ಅತ್ತೆ ಎಂದಳಲ್ಲ, ಅದಾದ ಮೇಲೆ ರಾಚಮ್ಮನ ಕಾಲು ತಾನಾಗಿಯೇ ನಡೆಯಿತು.

ಆ ಫೋಟೋ ಈಗ ಕಟ್ಟು ಹಾಕಿಸಿಕೊಂಡು ಅದೇ ಪಡಸಾಲೆಯಲ್ಲಿ ನೇತಾಡುತ್ತಿದೆ. ಎರಡು ಟೆಂಪೋ, ಒಂದು ಗೂಡ್ಸ್ ಆಟೋ ಜನ, ಕರು, ಹೊಂಗೆ ಮರ, ಎಲ್ಲ ಇವೆ. ಅಂಚಿನಲ್ಲಿದ್ದವರು ಬಾಗಿದ್ದಾರೆ. ನಟ್ಟನಡುವೆ ಮುಂದಕ್ಕೆ ನಿಂತ ರಾಚಮ್ಮನ ಮೂಗು ಮಾತ್ರ ಬದನೆಕಾಯಿಯಷ್ಟು ದಪ್ಪ ಬಂದಿದೆ. ‘ಆ ಗುರುಮಲ್ಲಯ್ಯ ನನ್ ಮೂಗ ಕೆಡಿಸ್ಬುಟ್ಟ’ ಎಂದು ಅವಳು ಬಂದವರಿಗೆಲ್ಲ ಬಯ್ದು ಹೇಳುತ್ತಾಳೆ. ಹೇಳುವಾಗ ಬಂದವರ ಕೈ ಹಿಡಿದು ಫೋಟೋದ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತಾಳೆ.